ಮೂಲಿಮನಿಯಾಕಿ ಕಣ್ಣು

ನಮ್ಮ ಓಣಿಯಲ್ಲಿ ದೀಪ ಹಚ್ಚುವ ಹೊತ್ತಿಗೆ ಕೂಸುಗಳಿಗೆ ನೆದರು ತೆಗೆಯುತ್ತಿದ್ದರು. ಕೂಸು ಹಾಲು ಕುಡಿಯಲಿಲ್ಲ, ಸುಮ್ಮಸುಮ್ಮನೆ ಅತ್ತಿತು, ಉಂಡದ್ದು ಕಾರಿತು ಅಂದರೆ ಯಾರದೋ ಕೆಟ್ಟ ಕಣ್ಣು ಹತ್ತಿದೆ ಎಂದೇ ತಿಳಿಯುತ್ತಿದ್ದರು. ಮುಷ್ಟಿಯಲ್ಲಿ ಉಪ್ಪು, ಒಣಮೆಣಸಿನಕಾಯಿ ಹಿಡಿದು ಕೂಸಿನ ಮುಖದ ಸುತ್ತ ಇಳಿಸಿ ಒಲೆಗೆ ಹಾಕುವುದು. ಇಳಿಸುವಾಗ ಹೇಳುವ ಮಾತೂ ಒಂದಿತ್ತು. ಅಕ್ಷರ ಕಲಿಯುವ ಮೊದಲು ನಾನು ಬಾಯಿಪಾಠ ಮಾಡಿದ್ದು ಅದನ್ನೇ.

“ಹೋದವರ ಕಣ್ಣು, ಬಂದವರ ಕಣ್ಣು, ನಾಯಿ ಕಣ್ಣು, ನರಿ ಕಣ್ಣು, ಮೂಲಿಮನಿಯಾಕಿ ಕಣ್ಣು, ಸುಟ್ಟು ಬೂದಿ ಆಗ್ಲಿ.”

ಒಲೆಗೆ ಬಿದ್ದ ಮೆಣಸಿನಕಾಯಿ ಘಾಟು ಎಬ್ಬಿಸಿ ಮನೆಮಂದಿಯನ್ನೆಲ್ಲ ಕೆಮ್ಮಿಸಿದರೆ ನೆದರು ಇರಲಿಲ್ಲ ಎಂದು ಅರ್ಥ. ಘಾಟು ಬರದಿದ್ದರೆ ನೆದರು ಜಬರದಸ್ತಾಗಿತ್ತು, ಈಗ ಸುಟ್ಟಿತು ಎಂದು ಅರ್ಥ. ನನ್ನ ನೆನಪಿನಲ್ಲಿ ಎಲ್ಲರೂ ಕೆಮ್ಮುತ್ತಲೇ “ಘಾಟು ಬರ್ಲಿಲ್ಲ ನೋಡ” ಅನ್ನುತ್ತಿದ್ದರು.

ನಮ್ಮದು ಕೌಜಲಗಿ. ನಾಯಿ, ನರಿ ಯಾವ ಊರಿನ ನೆದರಿನ ಮಾತಿನಲ್ಲಾದರೂ ಇರುತ್ತವೆ. ಮೂಲಿಮನಿಯಾಕಿ ಮಾತ್ರ ನಮ್ಮ ಓಣಿಯವಳು. ಓಣಿ ಹೊರಳುವ ಮೂಲೆಯ ಮನೆಯಲ್ಲಿ ಒಬ್ಬಳೇ ಇದ್ದ ನನ್ನ ಅತ್ತೆ, ಅಪ್ಪನ ಅಕ್ಕ. ಇದು ನನಗೆ ಹೊಳೆದಾಗ ಆಯಿ ನನ್ನ ತಮ್ಮನಂತಿದ್ದ ಕಾಕಾನ ಮಗನಿಗೆ ನೆದರು ಇಳಿಸುತ್ತಿದ್ದಳು. ಆಯಿ ಎಂದರೆ ಅಪ್ಪನ ತಾಯಿ. ಅಂದರೆ ಅತ್ತೆಯನ್ನು ಹಡೆದವಳೂ ಅವಳೇ.

“ಆಯಿ, ಮೂಲಿಮನಿಯಾಕಿ ಅಂದ್ರ ನಮ್ಮ ಅತ್ತಿ ಅಲ್ಲಾ?”

“ಬಾಯಿ ಮುಚ್ಚ.”

“ಅತ್ತಿ ಕಣ್ಣ ಸುಟ್ಟು ಬೂದಿ ಆಗ್ಲಿ ಅಂದಿ ನೀ.”

“ನಾ ಎಲ್ಲಿ ಅಂದ್ನಿ? ಮಾತ ಹಂಗ ಐತಿ. ಎಲ್ಲಾರೂ ಹಂಗ ಅಂತಾರ. ಒಂದ ಕಣ್ಣ ಬಿಟ್ರೂ ನೆದರ ಪೂರಾ ಇಳಿಯಂಗಿಲ್ಲ.”

ಅಷ್ಟು ಹೇಳಿ ಆಯಿ ಒಲೆಯ ಮುಂದೆ ಕೂತು ಬಹಳ ಹೊತ್ತು ಮೂಗು ಒರೆಸಿಕೊಂಡಳು. ಘಾಟಿಗೆ ಇರಬೇಕು ಎಂದುಕೊಂಡೆ.

ಅತ್ತೆಯನ್ನು ಕೊಟ್ಟದ್ದು ಹುಕ್ಕೇರಿ ಕಡೆಯ ದಡ್ಡಿ ಎಂಬ ಊರಿಗೆ. ಮದುವೆಯಾಗಿ ಹೋದ ವರ್ಷವೇ ಅಲ್ಲಿ ಮಾತು ಹುಟ್ಟಿತಂತೆ, ಸೊಸೆ ದಿಟ್ಟಿಸಿ ನೋಡುತ್ತಾಳೆ ಎಂದು. ಹಾಲು ಕಾಯಿಸುವಾಗ ಪಾತ್ರೆಯೊಳಗೆ ಮುಖ ಇಳಿಬಿಟ್ಟು ನೋಡುತ್ತಾಳೆ, ಬಂದವರ ಮುಖಕ್ಕೆ ಮುಖ ತಂದು ನೋಡುತ್ತಾಳೆ, ಕೂಸುಗಳನ್ನಂತೂ ಮೂಸುವ ಹಾಗೆ ನೋಡುತ್ತಾಳೆ. ಒಂದು ಎಮ್ಮೆ ಈಯುವಾಗ ಸತ್ತಿತು. ಹಿಂದಿನ ದಿನ ಅತ್ತೆ ಅದರ ಬಾಜೂ ನಿಂತು ಕಣ್ಣು ಕಿರಿದು ಮಾಡಿ ನೋಡಿದ್ದಳಂತೆ. ತವರಿಗೆ ಬಿಟ್ಟು ಹೋದರು, ಗಂಡ ಬೇರೆ ಮದುವೆಯಾದ. ಇಲ್ಲಿ ಅಪ್ಪ ಮೂಲೆಯ ಹಳೆ ಮನೆಯನ್ನು ಆಕೆಗೆ ಬಿಟ್ಟುಕೊಟ್ಟ. ಒಳ್ಳೆಯ ಕೆಲಸವೇ. ಆದರೆ ಮಾತು ಆಕೆಗಿಂತ ಮುಂಚೆ ದಡ್ಡಿಯಿಂದ ಕೌಜಲಗಿಗೆ ಬಂದು ಕೂತಿತ್ತು.

ಓಣಿಯ ಹುಡುಗರು ಅದಕ್ಕೆ ತಮ್ಮ ಕಡೆಯಿಂದ ಸೇರಿಸಿದರು. ಮಾಟಗಿತ್ತಿ ಮಲಗುವಾಗ ಕಣ್ಣು ಬಿಚ್ಚಿ ಗೋಡೆಯ ಗೂಡಿನಲ್ಲಿ ಇಡುತ್ತಾಳೆ. ಕಣ್ಣು ತಾನೇ ಉರುಳುತ್ತ ಓಣಿಗೆ ಹೋಗಿ ಯಾರ ಮನೆಯಲ್ಲಿ ಏನು ಉಣ್ಣುತ್ತಾರೆ, ಯಾರು ಬಸುರಿದ್ದಾರೆ ಎಂದು ನೋಡಿ ಬರುತ್ತದೆ. ನಾನು ಆ ಗೂಡು ನೋಡಿದ್ದೇನೆ. ಅದರಲ್ಲಿ ತಂಬಾಕಿನ ಡಬ್ಬಿ, ಸೂಜಿ ದಾರ, ಒಂದು ಹಣಿಗೆ ಇರುತ್ತಿದ್ದವು. ಸೂಜಿಗೆ ದಾರ ಹಾಕಬೇಕಾದರೆ ನನ್ನನ್ನು ಕೂಗುತ್ತಿದ್ದಳು. ಬೇರೆ ಯಾರ ಮಕ್ಕಳೂ ಹೋಗುತ್ತಿರಲಿಲ್ಲ.

ಅತ್ತೆ ಕುರಿ ಉಣ್ಣೆ ಹಿಂಜಿ ನೂಲುತ್ತಿದ್ದಳು. ಉಣ್ಣೆಯನ್ನೂ ಮೂಗಿನ ತುದಿಗೆ ಹಿಡಿದೇ ನೋಡುವುದು. ಆ ಕಟ್ಟೆಯ ಮೇಲೆ ಕೂತು ಒಮ್ಮೆ ನನಗೆ ಹೇಳಿದಳು:

“ನಿನ್ನ ಕಿವ್ಯಾಗ ಕುರ್ರ್ ಅನ್ನೂದು ನನ್ನ ಹಕ್ಕಿತ್ತು, ಗೊತ್ತೈತೇನ? ನಿಮ್ಮಣ್ಣಂದೂ ನನ್ನ ಹಕ್ಕ. ಎರಡೂ ಸಲ ಯಾರನ್ನೋ ತಂದು ನಿಲ್ಲಿಸಿದ್ರು.”

ನಮ್ಮ ಕಡೆ ಕೂಸನ್ನು ತೊಟ್ಟಿಲಿಗೆ ಹಾಕಿದಾಗ ಸೋದರತ್ತೆ ಬಾಗಿ ಅದರ ಕಿವಿಯಲ್ಲಿ ಕುರ್ರ್ ಎಂದು ಊದಿ ಹೆಸರು ಹೇಳುತ್ತಾಳೆ. ಆಗ ಸುತ್ತ ನಿಂತ ಹೆಂಗಸರೆಲ್ಲ ನಗುತ್ತ ಆಕೆಯ ಬೆನ್ನಿಗೆ ಗುದ್ದುತ್ತಾರೆ. ಮೆಲ್ಲಗೆ ಅಂತ ಹೇಳುತ್ತಾರೆ, ಆದರೆ ಚೆನ್ನಾಗಿಯೇ ಬೀಳುತ್ತವೆ. ಗುದ್ದಿಸಿಕೊಂಡು ಸೊಂಟ ಹಿಡಿದುಕೊಂಡು ಬೈಯುತ್ತ ಏಳುವುದು ಸೋದರತ್ತೆಯ ಗತ್ತು.

“ಹೆಸರ ಯಾರರ ಇಡ್ಲಿ,” ಅಂದಳು ಅತ್ತೆ. “ಬೆನ್ನಿಗೆ ಒಂದ ಗುದ್ದರ ಬೀಳಬೇಕಿತ್ತ. ಈ ಓಣಿ ಹೆಂಗಸೂರು ನನ್ನ ಮೈ ಮುಟ್ಟಿ ಎಷ್ಟ ವರ್ಷ ಆತೋ.”

ಹೇಳಿ ನಕ್ಕಳು. ತಂಬಾಕಿನ ಹಲ್ಲು, ಮೂಗುಬೊಟ್ಟಿನಲ್ಲಿ ಒಂದು ಹರಳು ಬಿದ್ದುಹೋದ ತೂತು. ಆ ನಗೆಯನ್ನೇ ಮುಂದೆ ನಾನು ಬಣ್ಣದಲ್ಲಿ ಹಿಡಿದೆ.

ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವಳು ನಾನೇ ಮೊದಲು. ಇದನ್ನು ನಾಚದೆ ಹೇಳುತ್ತೇನೆ, ಯಾಕೆಂದರೆ ಪುಕ್ಕಟೆ ಸಿಕ್ಕಿದ್ದಲ್ಲ. ಅಪ್ಪ ಕುರಿ ಹಿಂದೆ, ಅವ್ವ ಮಂದಿಯ ಹೊಲದಲ್ಲಿ. ಸಾಲೆಯಲ್ಲಿ ಹಿಂದಿನ ಸಾಲಿಗೆ ಕೂತರೆ ನನಗೆ ಬೋರ್ಡು ಕಾಣುತ್ತಿರಲಿಲ್ಲ. ಬಾಜೂ ಕೂತವಳ ಪಾಟಿ ನೋಡಿ ಬರೆದು ಬಡಿಸಿಕೊಂಡೆ. ಕಾಣುವುದಿಲ್ಲ ಎಂದು ಹೇಳಬೇಕು ಅಂತಲೂ ಗೊತ್ತಿರಲಿಲ್ಲ, ಎಲ್ಲರಿಗೂ ಅಷ್ಟೇ ಕಾಣುತ್ತದೆ ಎಂದುಕೊಂಡಿದ್ದೆ. ಚಿತ್ರ ಮಾತ್ರ ಬರುತ್ತಿತ್ತು. ಹತ್ತಿರ ಹಿಡಿದು ಮಾಡುವ ಕೆಲಸವಲ್ಲವೇ. ರಜೆಯಲ್ಲಿ ಗೋಕಾಕದಲ್ಲಿ ಗೊಂಬೆ ಮಾಡುವವರ ಮನೆಯಲ್ಲಿ ಕೂತು ಗೊಂಬೆಗಳಿಗೆ ಕಣ್ಣು ಬರೆದೆ. ಅಲ್ಲಿ ಕಣ್ಣು ಕೊನೆಗೆ ಬರೆಯುತ್ತಾರೆ. ಅದೊಂದು ಗೆರೆ ತಪ್ಪಿದರೆ ಹಿಂದಿನ ಕೆಲಸವೆಲ್ಲ ಹಾಳು. ಬೆಳಗಾವಿಗೆ ಚಿತ್ರಕಲೆ ಓದಲು ಹೊರಟಾಗ ಕಾಕಾ ನಕ್ಕ. “ಚಿತ್ರಾ ಬರಿಯಾಕೂ ಡಿಗ್ರಿ ಇರತೈತೇನ? ನಾಳಿ ಕುರಿ ಕಾಯಾಕೂ ಡಿಗ್ರಿ ತಗೀತಾರ ತಗೋ.”

ಕಾಲೇಜಿನ ಮೊದಲ ವರ್ಷ ಯಾರೋ ಕಣ್ಣಿನ ತಪಾಸಣೆಗೆ ಕರೆದುಕೊಂಡು ಹೋದರು. ಚಷ್ಮಾ ಹಾಕಿಕೊಂಡು ಹೊರಗೆ ಬಂದೆ. ಬೇವಿನ ಗಿಡದ ಎಲೆಗಳು ಒಂದೊಂದಾಗಿ ಬೇರೆ ಬೇರೆ ಕಂಡವು. ನಾನು ರಸ್ತೆಯ ಮೇಲೆ ನಿಂತು ಅತ್ತೆಯನ್ನು ನೆನೆದೆ. ಹಾಲಿನ ಪಾತ್ರೆ, ದಡ್ಡಿಯ ಎಮ್ಮೆ, ಮೂಗಿಗೆ ಹಿಡಿದ ಉಣ್ಣೆ. ಆಕೆಗೆ ಕಾಣುತ್ತಿರಲಿಲ್ಲ. ಅಷ್ಟೇ. ಕಾಣದ್ದಕ್ಕೆ ಹತ್ತಿರ ಹೋಗಿ ನೋಡಿದಳು, ನೋಡಿದ್ದಕ್ಕೆ ಮಾಟಗಿತ್ತಿಯಾದಳು. ಅದೇ ದೋಷ ನನ್ನ ಕಣ್ಣಿಗೂ ಇಳಿದಿತ್ತು. ನಾನು ದಿಟ್ಟಿಸಿದರೆ ಹುಡುಗಿ ಅಭ್ಯಾಸ ಮಾಡುತ್ತಿದ್ದಾಳೆ ಅನ್ನುತ್ತಿದ್ದರು. ಆಕೆ ದಿಟ್ಟಿಸಿದರೆ ನೆದರು.

ಇನ್ನು ಎಲ್ಲ ಸರಿಹೋಗುತ್ತದೆ ಎಂದು ನಂಬಿದ್ದೆ. ನೌಕರಿ ಹತ್ತಿದ ಮೇಲೆ ಅತ್ತೆಯನ್ನು ಗೋಕಾಕಕ್ಕೆ ಕರೆದುಕೊಂಡು ಹೋಗಿ ಚಷ್ಮಾ ಮಾಡಿಸಿದೆ. ಹಾಕಿಕೊಂಡು ಓಣಿಯಲ್ಲಿ ನಡೆದಳು. ಮರುದಿನ ನೋಡಿದರೆ ಚಷ್ಮಾ ಗೂಡಿನಲ್ಲಿ ತಂಬಾಕಿನ ಡಬ್ಬಿಯ ಹಿಂದೆ ಬಿದ್ದಿತ್ತು.

“ಯಾಕ ತಗದಿ ಅತ್ತಿ? ಕಾಣಂಗಿಲ್ಲೇನ?”

“ಕಾಣತೈತಿ. ಭಾಳ ಕಾಣತೈತಿ.”

“ಮತ್ತ?”

“ಮೊದಲ ಮಂದಿ ಮಾರಿ ಬರೇ ಬೆಳ್ಳಗ ಕಾಣ್ತಿತ್ತವ್ವ. ನಗಾಕತ್ತಾರ ಅಂತ ತಿಳಕೊಂಡು ನಾನೂ ನಗ್ತಿದ್ನಿ. ನಿನ್ನಿ ಪೂರಾ ಕಂಡ್ವು. ನನಗ ಹಳೇದ ಸಾಕ.”

ನಾನು ಒತ್ತಾಯ ಮಾಡಲಿಲ್ಲ.

ಈಗ ಹುಕ್ಕೇರಿಯ ಒಂದು ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸುತ್ತೇನೆ. ಬಾಡಿಗೆ ಕೋಣೆಯಲ್ಲಿ ಒಂದು ಬೇಸಿಗೆಪೂರ್ತಿ ಕೂತು ಅತ್ತೆಯ ಚಿತ್ರ ಬರೆದೆ. ಆಳೆತ್ತರದ ಕ್ಯಾನ್ವಾಸು. ಅತ್ತೆ ಕರಿ ಕಂಬಳಿ ಹೊದ್ದು ಕಟ್ಟೆಯ ಮೇಲೆ ಕೂತಿದ್ದಾಳೆ. ಕಂಬಳಿಯ ಮಡಿಕೆಗಳಲ್ಲಿ ನಾಯಿಯ ಕಣ್ಣು, ನರಿಯ ಕಣ್ಣು, ಹೋದವರ ಬಂದವರ ಕಣ್ಣು ಚಳಿಗೆ ಮುದುಡಿದ ಕುರಿಮರಿಗಳ ಹಾಗೆ ಮಲಗಿವೆ. ಆಕೆಯ ಸ್ವಂತ ಕಣ್ಣು ಮಾತ್ರ ಅಗಲ ತೆರೆದು ನೇರ ಎದುರು ನೋಡುತ್ತಿವೆ. ಬಲಗೈ ಮುಷ್ಟಿ ಮುಂದಕ್ಕೆ ಚಾಚಿದೆ, ಬೆರಳ ಸಂದಿಯಿಂದ ಉಪ್ಪು ಸೋರುತ್ತಿದೆ, ಒಂದು ಮೆಣಸಿನಕಾಯಿಯ ತೊಟ್ಟು ಕಾಣುತ್ತಿದೆ. ನೆದರು ತೆಗೆಯುತ್ತಿರುವವಳು ಆಕೆ. ಚಿತ್ರದ ಮುಂದೆ ಯಾರು ನಿಲ್ಲುತ್ತಾರೋ ಅವರೇ ಕೂಸು. ಊರಿನ ಕಣ್ಣು ಆಕೆಗೆ ಹತ್ತಿದ್ದು, ಆಕೆಯ ಕಣ್ಣು ಊರಿಗಲ್ಲ, ಅನ್ನುವುದು ನನ್ನ ಮಾತು. ಆದರೂ ಆಕೆಯೇ ಊರಿಗೆ ನೆದರು ತೆಗೆಯುತ್ತಿದ್ದಾಳೆ, ನಗುತ್ತಾ. ಮೂಗುಬೊಟ್ಟಿನ ಬಿದ್ದ ಹರಳನ್ನು ನಾನು ತುಂಬಲಿಲ್ಲ. ಇದ್ದ ಹಾಗೇ ಬರೆದೆ.

ಚಿತ್ರ ಚೆನ್ನಾಗಿ ಬಂದಿತ್ತು. ಈಗಲೂ ಅದನ್ನೇ ಹೇಳುತ್ತೇನೆ.

ಗೋಕಾಕದಲ್ಲಿ ಕೆಲವು ಚಿತ್ರಕಲಾ ಶಿಕ್ಷಕರು ಕೂಡಿ ಒಂದು ಸಣ್ಣ ಸಭಾಗೃಹದಲ್ಲಿ ಪ್ರದರ್ಶನ ಇಟ್ಟೆವು. ಬಂದ ಒಬ್ಬ ಪ್ರಾಧ್ಯಾಪಕಿ ನನ್ನ ಚಿತ್ರದ ಮುಂದೆ ಬಹಳ ಹೊತ್ತು ನಿಂತರು. ಮಾಟಗಾತಿಯ ಕಥೆಗಳನ್ನೆಲ್ಲ ಹೆಣ್ಣಿನ ಬಾಯಿಂದ ಮತ್ತೆ ಹೇಳಿಸಬೇಕು, ನೀವು ಅದನ್ನು ಮಾಡಿದ್ದೀರಿ ಎಂದರು. ಯಾಕೆ ಸುಳ್ಳು ಹೇಳಲಿ, ಆ ದಿನ ನನಗೆ ಊಟ ಬೇಡವಾಗಿತ್ತು. ಅವರ ಹಿಂದೆಯೇ ಕೈಯಲ್ಲಿ ಕರದಂಟಿನ ಚೀಲ ಹಿಡಿದ ಒಬ್ಬ ಗೃಹಸ್ಥ ಬಂದ. ನೆರಳಿಗೆ ಬಂದವನಿರಬೇಕು. ಚಿತ್ರ ನೋಡಿ ಒಂದು ಹೆಜ್ಜೆ ಹಿಂದೆ ಸರಿದ.

“ಟೀಚರ್ರ, ಇದನ್ನ ಮನಿಗೆ ಕಟ್ಟಿದ್ರ ಯಾವ ನೆದರೂ ಹತ್ತಂಗಿಲ್ಲ ನೋಡ್ರಿ!”

ಎಲ್ಲರೂ ನಕ್ಕೆವು. ನಾನೂ ನಕ್ಕೆ. ಆತ ನಗಲಿಲ್ಲ. “ಒಂದ ಫೋಟೋ ಹೊಡಕೊಳ್ಲೇನ್ರಿ? ಮನಿ ಕಟ್ಸಾಕತ್ತೇನಿ.” ಹೊಡ್ಕೋರಿ ಅಂದೆ.

ಮಳೆಗಾಲ ಮುಗಿದ ಮೇಲೆ ಹುಕ್ಕೇರಿಯಲ್ಲಿ ಸಾಲೆಗೆ ಹೋಗುವ ದಾರಿಯಲ್ಲಿ ಅರ್ಧ ಕಟ್ಟಿದ ಒಂದು ಮನೆಯ ಮೇಲೆ ಅತ್ತೆ ಜೋತಾಡುತ್ತಿದ್ದಳು. ಕಟ್ಟುವ ಮನೆಗೆ ನೆದರು ಹತ್ತಬಾರದೆಂದು ಬೂದುಗುಂಬಳ, ರಾಕ್ಷಸನ ಮಾರಿ ಕಟ್ಟುತ್ತಾರಲ್ಲ, ಅಲ್ಲಿ ಈಕೆ. ಫ್ಲೆಕ್ಸಿನ ತುಂಡು. ಕಂಬಳಿ ಕತ್ತರಿಸಿದ್ದರು, ಮುಷ್ಟಿ ಕತ್ತರಿಸಿದ್ದರು, ಮಲಗಿದ್ದ ಕಣ್ಣುಗಳು ಯಾವುವೂ ಇರಲಿಲ್ಲ. ಬರೀ ಮುಖ. ಕೆಂಪು ಏರಿಸಿ, ಎರಡು ಕೋರೆಹಲ್ಲು ಸೇರಿಸಿ, ನಗುತ್ತಿದ್ದ ಬಾಯಿಂದ ನಾಲಿಗೆ ಎಳೆದಿದ್ದರು. ಮೂಗುಬೊಟ್ಟಿನ ತೂತು ಮಾತ್ರ ಹಾಗೇ ಇತ್ತು. ಅದರಿಂದಲೇ ಗುರುತು ಹಿಡಿದೆ.

ಆಮೇಲೆ ಕಣಗಲಾ ಹತ್ತಿರ ಹೈವೇದಲ್ಲಿ ಕಬ್ಬಿನ ಟ್ರ್ಯಾಕ್ಟರಿನ ಹಿಂದೆ ನೋಡಿದೆ. ಒಂದು ಹೋಟೆಲಿನ ಗಲ್ಲಾಪೆಟ್ಟಿಗೆಯ ಮೇಲೆ ನೋಡಿದೆ. ಫ್ಲೆಕ್ಸ್ ಮಾಡುವ ಅಂಗಡಿ ಹುಡುಕಿಕೊಂಡು ಹೋದೆ.

“ಇದು ನನ್ನ ಚಿತ್ರಾರಿ.”

“ಟೀಚರ್ರ, ಎಲ್ಲಾರ ಮೊಬೈಲ್ನ್ಯಾಗೂ ಐತಿ ಇದು. ನಿಮ್ಮದ ಅಂತ ಹೆಂಗ ಅಂತೀರಿ?”

“ನಮ್ಮ ಅತ್ತಿ ಮಾರಿ ಅದು. ನಾ ಬರದದ್ದು.”

ಅಂಗಡಿಯವನು ದನಿ ಇಳಿಸಿದ. “ಅಯ್ಯ, ಹಂಗ ಅಂದ ಗಿರಾಕಿ ಕೆಡಿಸಬ್ಯಾಡ್ರಿ. ಮಂದಿ ಏನಂತಾರ ಗೊತ್ತೈತೇನ್ರಿ? ಇದು ಯಾವಾಕಿನೋ ಖರೆ ಮಾಟಗಿತ್ತಿ ಫೋಟೋ, ಅದಕ್ಕ ಇಷ್ಟ ಪಾವರ್ ಐತಿ ಅಂತಾರ.” ಮತ್ತೆ ಗೌರವದಿಂದ ಕೇಳಿದ, “ಛಾ ತರಸ್ಲೇನ್ರಿ?”

ಛಾ ಬೇಡವೆಂದು ಬಂದೆ. ನಾನು ಬರೆದ ಎಲ್ಲ ಚಿತ್ರಗಳಲ್ಲಿ ಮಂದಿ ಅತಿ ಹೆಚ್ಚು ನೋಡಿದ್ದು ಇದೊಂದೇ. ಪ್ರದರ್ಶನಕ್ಕೆ ಬಂದವರು ಬೆರಳೆಣಿಕೆ. ಕಬ್ಬಿನ ಗಾಡಿಯ ಹಿಂದೆ ಇಡೀ ಸೀಮೆಯೇ ಇದೆ.

ಅತ್ತೆಗೆ ನಾನು ಅಸಲಿ ಚಿತ್ರವನ್ನು ಮೊಬೈಲಿನಲ್ಲಿ ತೋರಿಸಿದ್ದೆ. ಕಣ್ಣಿಗೆ ಒತ್ತಿಕೊಂಡಂತೆ ಹಿಡಿದು ನೋಡಿ, “ನಾನ ಅಂತ ಅನಸಂಗಿಲ್ಲ. ಛಲೋ ಅದಾಳ ಬಿಡ, ಯಾರರ ಇರ್ಲಿ” ಅಂದಿದ್ದಳು. ಫ್ಲೆಕ್ಸಿನ ಸುದ್ದಿ ಹೇಳಲಿಲ್ಲ. ಆಕೆ ಎಲ್ಲಿಗೂ ಹೋಗುವವಳಲ್ಲ, ದೂರದ್ದು ಕಾಣುವುದೂ ಇಲ್ಲ.

ಅಷ್ಟರಲ್ಲಿ ಅಣ್ಣನಿಗೆ ಮಗಳು ಹುಟ್ಟಿದಳು. ವೈನಿಯ, ಅಂದರೆ ಅಣ್ಣನ ಹೆಂಡತಿಯ, ತವರು ಮೂಡಲಗಿ, ಬಾಣಂತನ ಅಲ್ಲೇ, ತೊಟ್ಟಿಲ ಕಾರ್ಯವೂ ಅಲ್ಲೇ. ಈ ಕೂಸಿಗೆ ಸೋದರತ್ತೆ ನಾನು. ಕುರ್ರ್ ಅನ್ನುವ ಹಕ್ಕು ನನ್ನದು. ಆ ಹಕ್ಕನ್ನು ಅತ್ತೆಗೆ ಕೊಡುತ್ತೇನೆ ಎಂದು ನಾನು ಅವತ್ತೇ ಗಟ್ಟಿ ಮಾಡಿದೆ. ಚಿತ್ರದಿಂದ ಆಗದ್ದು ಇದರಿಂದ ಆಗುತ್ತದೆ ಎಂದುಕೊಂಡೆ. ಒಂದು ಕೂಸಿನ ಕಿವಿಗೆ ಆಕೆ ಎಲ್ಲರೆದುರು ಬಾಯಿ ಹಚ್ಚಿದರೆ, ಕೂಸು ನಗುತ್ತ ಬೆಳೆದರೆ, ನೆದರಿನ ಮಾತಿನಿಂದ ಒಂದು ಕಣ್ಣು ಕಡಿಮೆಯಾದೀತು.

ಅಣ್ಣ ಫೋನಿನಲ್ಲಿ ತಡವರಿಸಿದ. “ನನಗೇನ ಅಡ್ಡಿ ಇಲ್ಲ. ಬೀಗರ ಮನಿ ಐತಿ. ನಾ ಹೆಂಗ ಹೇಳ್ಲಿ?”

“ನಿನ್ನ ಎತ್ತಿ ಆಡಿಸಿದಾಕಿ ಆಕಿ.”

“ಅದ ಖರೆ. ಅದನ್ನ ಅಲ್ಲಿ ಹೇಳಬ್ಯಾಡ ಮತ್ತ.”

ವೈನಿಯೇ ಫೋನು ಕಸಿದುಕೊಂಡು, “ಕರ್ಕೊಂಡ ಬರ್ರಿ ನೀವು. ನಾ ಅವ್ವಗ ಹೇಳ್ತೇನಿ” ಎಂದಳು. ಅವಳ ಮಾತಿನಲ್ಲಿ ಕಪಟ ಇರಲಿಲ್ಲ.

ಅತ್ತೆಗೆ ಹೇಳಿದಾಗ ಉಣ್ಣೆ ಹಿಂಜುವುದನ್ನು ನಿಲ್ಲಿಸಿದಳು. “ಗುದ್ದತಾರೇನ?” ಎಂದು ಕೇಳಿದಳು. ಗುದ್ದುತ್ತಾರೆ ಎಂದೆ. “ನನ್ನ ಬೆನ್ನ ಬರೇ ಎಲಬ ಐತಿ, ಅವರ ಕೈಗೇ ಬ್ಯಾನಿ ಆಗತೈತಿ” ಎಂದು ತಾನೇ ನಕ್ಕಳು. ಮರುದಿನದಿಂದ ಮೆತ್ತನೆಯ ಮರಿ ಉಣ್ಣೆ ಆರಿಸಿ ಕೂಸಿನ ತಲೆಗೆ ಒಂದು ಕುಲಾಯಿ ಮಾಡಲು ಕೂತಳು. ಅದಕ್ಕಾಗಿ ಗೂಡಿನೊಳಗಿನ ಚಷ್ಮಾ ತೆಗೆದು ಹಾಕಿಕೊಂಡಿದ್ದಳು. ಹೊಲಿಗೆ ಮುಗಿದ ಮೇಲೆ ತಿರುಗಿ ಗೂಡಿಗೆ ಇಟ್ಟಳು.

ಕಾರ್ಯದ ದಿನ ಬಸ್ಸಿನಲ್ಲಿ ಹೋದೆವು. ಆಧಾರ ಕಾರ್ಡ್ ತೋರಿಸಿ ಪುಕ್ಕಟೆ ಟಿಕೀಟು ಇಸಿದುಕೊಂಡು ಅತ್ತೆ ಕಿಟಕಿಗೆ ಕೂತಳು. ಹಸಿರು ಸೀರೆ, ತಲೆಗೆ ಎಣ್ಣೆ. ದಾರಿಯುದ್ದಕ್ಕೂ ತುಟಿ ಅಲ್ಲಾಡಿಸುತ್ತಿದ್ದಳು.

“ಏನ ಅನ್ನಾಕತ್ತಿ ಅತ್ತಿ?”

“ಕುರ್ರ್ ಅನ್ನೂದನ್ನ ಮರತೀನೇನೋ ಅಂತ.”

ಬೀಗರ ಮನೆಯ ಮುಂದೆ ಚಪ್ಪರ ಹಾಕಿದ್ದರು. ಹೆಂಗಸರು ಅಂಗಳ ತುಂಬಿದ್ದರು. ವೈನಿಯ ತಾಯಿ ತಂಬಿಗೆ ನೀರು ಹಿಡಿದು, “ಬರ್ರಿ ಟೀಚರ್ರ, ಕೈಕಾಲ ತೊಳಕೋರಿ. ಇವರೇನ ನಿಮ್ಮ ಅತ್ತಿ? ಬರ್ರಿ ಅಕ್ಕಾರ” ಎಂದು ಮರ್ಯಾದೆಯಿಂದಲೇ ಕರೆದರು. ಅದನ್ನು ನಾನು ಮರೆಯಬಾರದು. ನಾನು ಕಾಲಿಗೆ ನೀರು ಹಾಕಿಕೊಂಡು ತಲೆ ಎತ್ತಿದೆ. ಬಾಗಿಲ ಮೇಲೆ, ತೋರಣಕ್ಕಿಂತ ಸ್ವಲ್ಪ ಕೆಳಗೆ, ಬಾಣಂತಿ ಕೂಸಿಗೆ ಕಾವಲಾಗಿ ಅತ್ತೆಯ ಮುಖ ಕಟ್ಟಿದ್ದರು. ಕೋರೆಹಲ್ಲು, ನಾಲಿಗೆ, ಎಲ್ಲ ಸಮೇತ.

ಯಾರೂ ಬೇಕೆಂದು ಮಾಡಿದ್ದಲ್ಲ. ಪೇಟೆಯಲ್ಲಿ ಸಿಗುತ್ತದೆ, ತಂದು ಕಟ್ಟಿದ್ದರು.

ನಾನು ಅತ್ತೆಯ ಕೈ ಹಿಡಿದು ಬೇಗ ಒಳಗೆ ಎಳೆದುಕೊಂಡುಬಿಟ್ಟರೆ ಆಕೆಗೆ ಕಾಣುವುದಿಲ್ಲ ಎಂದು ಲೆಕ್ಕ ಹಾಕಿದೆ. ಅಷ್ಟರಲ್ಲಿ ಚಪ್ಪರದ ಕೆಳಗಿದ್ದ ಒಬ್ಬ ಮುದುಕಿ ಬಾಜೂದವಳಿಗೆ, ತನಗೆ ಕಿವಿ ಮಂದವಿದ್ದುದರಿಂದ ಎಲ್ಲರಿಗೂ ಕೇಳುವಂತೆ ಹೇಳಿದಳು:

“ಎವ್ವ, ಬಾಗಲಕ್ಕ ಕಟ್ಟ್ಯಾರಲ್ಲ, ಅದ ಮಾರಿ ಅಲ್ಲೇನ ಆಕೀದು?”

ಅಂಗಳದ ಹೆಂಗಸರೆಲ್ಲ ಬಾಗಿಲ ಕಡೆ ತಿರುಗಿದರು. ಒಬ್ಬಳು ಸೊಂಟದ ಮೇಲಿನ ಕೂಸಿನ ಮುಖಕ್ಕೆ ಸೆರಗು ಮುಚ್ಚಿದಳು. ಅತ್ತೆ ಎಲ್ಲರೂ ಎತ್ತ ನೋಡುತ್ತಿದ್ದಾರೆಂದು ತಿಳಿಯದೆ ನನ್ನ ಕಡೆ ತಿರುಗಿದಳು. ಆಮೇಲೆ ಆಕೆ ತಾನೇ ಬಾಗಿಲಿಗೆ ಹೋದಳು. ಹಿಮ್ಮಡಿ ಎತ್ತಿ, ಕಣ್ಣು ಕಿರಿದು ಮಾಡಿ, ಮೂಗು ಫ್ಲೆಕ್ಸಿಗೆ ತಗಲುವಷ್ಟು ಹತ್ತಿರ ಮುಖ ಒಯ್ದು ನೋಡಿದಳು. ಬೇರೆ ಯಾವ ರೀತಿಯಲ್ಲಿ ನೋಡುವುದೂ ಆಕೆಗೆ ಸಾಧ್ಯವಿರಲಿಲ್ಲ. ಎದುರು ಬದುರು ಎರಡು ಮುಖ. ಹಿಂದೆ ನಿಂತ ಹೆಂಗಸರು ಅದನ್ನೇ ಉಸಿರು ಹಿಡಿದು ನೋಡಿದರು. ಅತ್ತೆ ಬೆರಳಿನಿಂದ ಚಿತ್ರದ ಮೂಗುಬೊಟ್ಟು ಮುಟ್ಟಿ, ತನ್ನದನ್ನು ಮುಟ್ಟಿಕೊಂಡಳು.

“ಹರಳ ಬಿದ್ದದ್ದೂ ಬರದೀಯಲ್ಲ ನೀ,” ಅಂದಳು ನನಗೆ.

“ಅತ್ತಿ, ನಾ ಹಿಂಗ ಬರದಿಲ್ಲ. ಇದು ನಾ ಬರದದ್ದಲ್ಲ. ಬಾ ಒಳಗ.”

“ನಾ ಆಗಲೇ ಬಂದು ನಿಂತೇನಲ್ಲವ್ವ ಇಲ್ಲೆ. ಕಾಯಾಕತ್ತೇನಿ. ಮತ್ತ ಒಳಗ ಯಾರ ಹೋಗ್ಲಿ?”

ವೈನಿಯ ತಾಯಿ, “ಹಂಗಲ್ರಿ ಅಕ್ಕಾರ, ನಮಗ ಗೊತ್ತಿರ್ಲಿಲ್ರಿ, ಬರ್ರಿ” ಎನ್ನುತ್ತಲೇ ಇದ್ದರು. ಆದರೆ ಬಾಗಿಲು ಬಿಟ್ಟು ಸರಿಯಲಿಲ್ಲ. ಅವರ ಎರಡೂ ಕೈ ಚೌಕಟ್ಟು ಹಿಡಿದಿದ್ದವು. ತಾನು ಹಿಡಿದಿದ್ದೇನೆಂದು ಅವರಿಗೆ ಗೊತ್ತಿತ್ತೋ ಇಲ್ಲವೋ. ಒಳಗಿನಿಂದ ಅಣ್ಣ ಹೊರಗೆ ಬರಲಿಲ್ಲ.

ಅತ್ತೆ ಸೆರಗಿನ ಗಂಟು ಬಿಚ್ಚಿ ಕುಲಾಯಿ ತೆಗೆದು ನನ್ನ ಕೈಗಿಟ್ಟಳು. “ನೀ ಹೋಗ. ಹಕ್ಕ ಬಿಡಬ್ಯಾಡ. ನಾ ಬಸ್‌ಸ್ಟ್ಯಾಂಡಿನ್ಯಾಗ ಕುಂತಿರ್ತೇನಿ.” ನಾನೂ ಬರುತ್ತೇನೆ ಎಂದೆ. “ಹೋಗಂದ್ರ ಹೋಗ,” ಎಂದು ಗದರಿದಳು. ಜೀವನದಲ್ಲಿ ಆಕೆ ನನ್ನನ್ನು ಗದರಿದ್ದು ಅದೊಂದೇ ಸಲ.

ಒಳಗೆ ಹೋದೆ. ತೊಟ್ಟಿಲ ಮೇಲೆ ಬಾಗಿದೆ. ಕೂಸು ಎಷ್ಟು ಸಣ್ಣದಿತ್ತೆಂದರೆ ಕಿವಿ ಎಲ್ಲಿದೆ ಎಂದು ಹುಡುಕಬೇಕಾಯಿತು. ಚಷ್ಮಾ ಜಾರಿತು. ಸರಿಮಾಡಿಕೊಂಡು ಮುಖ ಹತ್ತಿರ ಒಯ್ದು ನೋಡಿದೆ, ಅಣ್ಣನ ಹಣೆ, ಅಪ್ಪನ ತುಟಿ. ಹೀಗೆ ಅರೆಗಣ್ಣು ಮಾಡಿ ನನ್ನನ್ನೇ ನೋಡುವ ಇದರ ಕಣ್ಣು ಯಾರವು ಎಂದು ನೋಡಿದೆ. ಬಹಳ ಹೊತ್ತು ನೋಡಿದೆನೇನೋ. ಕುರ್ರ್ ಎಂದು ಊದಿ ಹೆಸರು ಹೇಳಿದೆ. ಬೆನ್ನಿಗೆ ಗುದ್ದು ಬಿದ್ದವು. ಒಂದೊಂದಕ್ಕೂ ಅತ್ತೆಯನ್ನು ನೆನೆದೆ. ಬೈಯುತ್ತ ಏಳಬೇಕಿತ್ತು, ಏಳಲಿಲ್ಲ. ಹೆಂಗಸರೇ ಎಬ್ಬಿಸಿದರು. ಕುಲಾಯಿ ತೋರಿಸಿದೆ. “ಉಣ್ಣಿ ಚುಚ್ಚತೈತ್ರಿ ಕೂಸಿಗೆ” ಎಂದು ವೈನಿಯ ತಾಯಿ ಅದನ್ನು ತುದಿಬೆರಳಲ್ಲಿ ಹಿಡಿದು ಕಪಾಟಿನ ಮೇಲೆ ಇಟ್ಟರು. ವೈನಿ ನನ್ನ ಮುಖ ನೋಡಿ ತಲೆ ತಗ್ಗಿಸಿದಳು.

ಊಟ ಮುಗಿಯುವಷ್ಟರಲ್ಲಿ ಕೂಸು ಅಳಲು ಹಿಡಿಯಿತು. ಹೊಸ ಬಟ್ಟೆ, ಸೆಕೆ, ಮಂದಿ. ಅಳದೆ ಏನು ಮಾಡೀತು. ಹಾಲು ಕೊಟ್ಟರೂ ಬಿಡಲಿಲ್ಲ. ನಾನು ಹೊರಡುವುದಕ್ಕೆ ಚೀಲ ಎತ್ತಿಕೊಂಡಾಗ ವೈನಿಯ ತಾಯಿ ಮುಷ್ಟಿಯಲ್ಲಿ ಉಪ್ಪು, ಮೆಣಸಿನಕಾಯಿ ಹಿಡಿದು ಬಂದರು. ಮೂಡಲಗಿಯ ಮಾತಿನಲ್ಲಿ ಮೂಲಿಮನಿಯಾಕಿ ಇರುವುದಿಲ್ಲ, ಅಷ್ಟಾದರೂ ಇದೆ ಎಂದುಕೊಂಡು ನಿಂತೆ.

“ಹೋದವರ ಕಣ್ಣು, ಬಂದವರ ಕಣ್ಣು, ನಾಯಿ ಕಣ್ಣು, ನರಿ ಕಣ್ಣು, ಬಾಗಲಕ್ಕ ಬಂದಾಕಿ ಕಣ್ಣು…”

ಅವರು ಒಂದು ಕ್ಷಣ ತಡೆದರು. ನನ್ನನ್ನು ನೋಡಲಿಲ್ಲ. ದನಿ ತಗ್ಗಿಸಿ ಮುಗಿಸಿದರು.

“…ಚಷ್ಮಾದಾಕಿ ಕಣ್ಣು, ಸುಟ್ಟು ಬೂದಿ ಆಗ್ಲಿ.”

ಒಲೆಗೆ ಹಾಕಿದರು. ಹೊಗೆ ಎದ್ದು ನನ್ನ ಗಂಟಲು ಹಿಡಿಯಿತು, ಕಣ್ಣಲ್ಲಿ ನೀರು ಬಂತು, ಕೆಮ್ಮಿ ಕೆಮ್ಮಿ ಗೋಡೆ ಹಿಡಿದುಕೊಂಡೆ. ಸುತ್ತ ಇದ್ದವರೂ ಸೆರಗು ಬಾಯಿಗೆ ಒತ್ತಿಕೊಂಡಿದ್ದರು.

“ಘಾಟು ಬರ್ಲಿಲ್ಲ ನೋಡ್ರಿ,” ಅಂದರು ವೈನಿಯ ತಾಯಿ.

“ಒಟ್ಟ ಬರ್ಲಿಲ್ಲ,” ಅಂದರು ಎಲ್ಲರೂ.

ಬಸ್‌ಸ್ಟ್ಯಾಂಡಿನಲ್ಲಿ ಅತ್ತೆ ಕಂಬಕ್ಕೆ ಒರಗಿ ಕೂತಿದ್ದಳು. ಏನೂ ತಿಂದಿರಲಿಲ್ಲ. ಬಾಜೂ ಕೂತೆ.

“ಗುದ್ದಿದ್ರೇನ?”

“ಗುದ್ದಿದ್ರು.”

“ಜೋರಾಗಿ?”

“ಹೂಂ.”

ಆಕೆ ನನ್ನ ಬೆನ್ನ ಮೇಲೆ ಕೈ ಆಡಿಸಿದಳು, ಗುದ್ದು ಎಲ್ಲೆಲ್ಲಿ ಬಿದ್ದಿವೆ ಎಂದು ಹುಡುಕುವವರ ಹಾಗೆ. ಆಮೇಲೆ ನನ್ನ ಸೆರಗು ಎತ್ತಿ ಮೂಗಿಗೆ ಹಿಡಿದಳು.

“ಮೆಣಸಿನಕಾಯಿ ಘಾಟ ಹೊಡ್ಯಾಕತ್ತೈತಿ ನಿನ್ನ ಸೀರಿ. ನೆದರ ತಗದ್ರೇನ?”

“ತಗದ್ರು.”

“ಯಾರ ಯಾರ ಕಣ್ಣ ಅಂದ್ರು?”

ಸುಳ್ಳು ಹೇಳಬಹುದಿತ್ತು. ನಾಯಿ, ನರಿ ಅಂದುಬಿಡಬಹುದಿತ್ತು. “ಇಬ್ಬರದೂ” ಅಂದೆ.

ಅತ್ತೆ ಸೆರಗು ಬಿಟ್ಟಳು. ಯಾರದು ಇನ್ನೊಂದು ಎಂದು ಕೇಳಲಿಲ್ಲ. “ಅದಕ್ಕ ನಾ ನಂದ ಗೂಡಿಗೆ ಇಟ್ಟದ್ದು. ನೀನೂ ತಗದ ಇಡ ಅದನ್ನ” ಎಂದಳು. ಚಷ್ಮಾ ಆಗಲೇ ನನ್ನ ಮುಷ್ಟಿಯಲ್ಲಿತ್ತು. ಹೊಗೆಗೆ ಕಣ್ಣು ಉರಿದು ತೆಗೆದವಳು ತಿರುಗಿ ಹಾಕಿಕೊಂಡಿರಲಿಲ್ಲ.

ಒಂದು ಬಸ್ಸು ಬಂದು ನಿಂತಿತು. ಯಾವೂರದು ನೋಡು ಎಂದಳು. ನನಗೂ ಕಾಣಲಿಲ್ಲ. ಇಬ್ಬರೂ ಎದ್ದು, ಬೋರ್ಡಿನ ಕೆಳಗೆ ಹೋಗಿ, ಮುಖ ಎತ್ತಿ, ಕಣ್ಣು ಕಿರಿದು ಮಾಡಿ ನಿಂತೆವು.